ಅತ್ತೆಗೊಂದು ಮಡಚುವ ಕೋಣೆ

ಅತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಾಗ ಚಳಿ ಆಗಲೇ ಶುರುವಾಗಿತ್ತು. ಅಮೆರಿಕದ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿದ್ದದ್ದು ಒಂದೇ ಬೆಡ್‌ರೂಮು. ಅದನ್ನು ಬಿಟ್ಟುಕೊಡುತ್ತೇವೆಂದರೂ ಅವರು ಒಪ್ಪಲಿಲ್ಲ, ಹಾಲ್‌ನ ಸೋಫಾದ ಮೇಲೇ ಹಾಸಿಕೊಂಡರು. ಮಲಗುವುದು, ಏಳುವುದು, ತಲೆ ಬಾಚಿಕೊಳ್ಳುವುದು ಎಲ್ಲವೂ ನಮ್ಮ ಕಣ್ಣೆದುರೇ ಆಗಬೇಕಿತ್ತು. ಊರಿನಲ್ಲಿರುವ ತಂಗಿಗೆ ಫೋನ್ ಮಾಡುವಾಗ ಮಾತ್ರ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಗೆ ನಿಂತರೆ ಎಕ್ಸಾಸ್ಟ್ ಫ್ಯಾನಿನ ಸದ್ದಷ್ಟೇ ಕೇಳುತ್ತಿತ್ತು.

ನಾನೂ ಆಗ ಮನೆಯಲ್ಲೇ ಇದ್ದೆ. ಬೆಂಗಳೂರಿನಲ್ಲಿ ಚಪ್ಪಲಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಗೋಂದುಗಳನ್ನು ಪರೀಕ್ಷಿಸುತ್ತಿದ್ದವಳು ನಾನು. ಅಟ್ಟೆಯನ್ನು ಬಗ್ಗಿಸಿ ಬಗ್ಗಿಸಿ ಅದು ಯಾವಾಗ ಬಿಟ್ಟುಕೊಳ್ಳುತ್ತದೆಂದು ನೋಡುವುದೇ ಕೆಲಸ. ಇಲ್ಲಿಯೂ ಅಂಥದೇ ಒಂದು ಲ್ಯಾಬಿಗೆ ಸೇರಿದ್ದೆ. ವರ್ಕ್ ಪರ್ಮಿಟ್ ಮುಗಿದು, ಹೊಸದು ಬರುವುದು ತಡವಾಗಿ, ಆ ಕೆಲಸ ಕೈಬಿಟ್ಟುಹೋಯಿತು. ಬೆಳಿಗ್ಗೆ ಗಂಡ ಇದ್ದೊಂದು ಕಾರು ತೆಗೆದುಕೊಂಡು ಹೊರಟರೆ ಅತ್ತೆ ಕಿಟಕಿಯ ಹತ್ತಿರ, ನಾನು ಅಡುಗೆಮನೆಯಲ್ಲಿ. ಹಿಮ ಬಿದ್ದ ಮೇಲಂತೂ ಅತ್ತೆ ಪಾರ್ಕಿಂಗ್ ಲಾಟ್ ದಾಟಿದ್ದಿಲ್ಲ.

ಒಮ್ಮೆ ಕ್ಯಾಂಪಿಂಗಿಗೆ ಹೋದಾಗ ಪಕ್ಕದವರು ಪ್ಲಾಸ್ಟಿಕ್ ಹಾಳೆಗಳ ಗುಡಾರವೊಂದನ್ನು ಕಾರಿನಿಂದಿಳಿಸಿ ನಿಲ್ಲಿಸಿದ್ದು ನೋಡಿದ್ದೆ. ಹಾರ್ಮೋನಿಯಂ ತಿದಿಯಂತೆ ಮಡಚಿಕೊಳ್ಳುತ್ತಿತ್ತು. ಅಂಥದೊಂದನ್ನು ಹಾಲ್‌ನ ಮೂಲೆಯಲ್ಲಿ ಅತ್ತೆಗೆ ಮಾಡಿಕೊಟ್ಟರೆ ಹೇಗೆ ಅನ್ನಿಸಿತು. ಒಳಗೆ ಒಂದು ಕುರ್ಚಿ ಹಿಡಿದರೆ ಸಾಕು, ಬೇಡವೆಂದಾಗ ಮಡಚಿ ಗೋಡೆಗೆ ಒರಗಿಸಬಹುದು. ಹಾರ್ಡ್‌ವೇರ್ ಅಂಗಡಿಯಿಂದ, ಚುನಾವಣೆಯಲ್ಲಿ ರಸ್ತೆ ಬದಿ ನೆಡುವ ಬೋರ್ಡುಗಳಿರುತ್ತವಲ್ಲ, ಆ ಜಾತಿಯ ಹಾಳೆಗಳನ್ನು ತಂದೆವು.

ತೊಂದರೆಯೆಲ್ಲ ಕೀಲುಗಳದ್ದು. ಕಬ್ಬಿಣದ ಕೀಲು ಹಾಕಿದರೆ ಸ್ಕ್ರೂ ಇದ್ದಲ್ಲೇ ಹಾಳೆ ಹರಿಯಿತು. ಟೇಪು ಹೀಟರಿನ ಬಿಸಿಗೆ ಸುರುಳಿಯಾಗಿ ಬಿಟ್ಟುಕೊಂಡಿತು. ಬಟ್ಟೆಯ ಪಟ್ಟಿಯನ್ನು ಗೋಂದಿನಿಂದ ಅಂಟಿಸಿ ಅದನ್ನೇ ಕೀಲು ಮಾಡುವುದೆಂದು ಕೊನೆಗೆ ತೀರ್ಮಾನಿಸಿದೆ. ಆದರೆ ಈ ಪ್ಲಾಸ್ಟಿಕ್ಕಿಗೆ ಗೋಂದು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಮರಳುಕಾಗದದಲ್ಲಿ ಉಜ್ಜಿ ಒರಟು ಮಾಡಿ, ಸ್ಪಿರಿಟ್‌ನಲ್ಲಿ ಒರೆಸಿ, ಕಾರಿನ ಬಂಪರಿಗೆ ಬಣ್ಣ ಹಿಡಿಸಲು ಬಳಿಯುವ ಪ್ರೈಮರ್ ಬಳಿದೆ. ವಾಸನೆ ಬರದಿರಲೆಂದು ನೀರಿನಲ್ಲಿ ಕಲಸಿದ ಗೋಂದನ್ನೇ ಆರಿಸಿದ್ದೆ. ಅದನ್ನು ಬಟ್ಟೆಗೂ ಹಾಳೆಗೂ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒಂದಕ್ಕೊಂದು ಒತ್ತಬೇಕು. ಮಡಿಕೆ ಬರುವ ಜಾಗ ಮಾತ್ರ ಒಣಗಿರಬೇಕು. ಅಲ್ಲಿಗೆ ಗೋಂದು ಹರಿದರೆ ಬಟ್ಟೆ ಬಿರುಸಾಗಿ, ಬಾಗುವ ಬದಲು ಸೀಳಿಬಿಡುತ್ತದೆ.

ಪಟ್ಟಿಗಳನ್ನು ಅಕ್ಕಿ ಚೀಲದ ಬಟ್ಟೆಯಿಂದ ಕತ್ತರಿಸಿಕೊಟ್ಟವರು ಅತ್ತೆ. ನೆಲದ ಮೇಲೆ ಕಾಲು ಚಾಚಿ ಕೂತು, ಕನ್ನಡಕ ಮೂಗಿನ ಮೇಲಿಳಿಸಿಕೊಂಡು, "ಇದು ಎಳೆ ಓರೆಯಾಗಿದೆ, ಬೇಡ" ಎಂದು ಕೆಲವನ್ನು ಪಕ್ಕಕ್ಕಿಡುತ್ತಿದ್ದರು. ಅವರು ಬಂದ ಮೇಲೆ ನಮ್ಮಿಬ್ಬರ ನಡುವೆ ಇಷ್ಟು ಮಾತು ನಡೆದದ್ದು ಅದೇ ಮೊದಲು.

ಗುಡಾರ ಎದ್ದು ನಿಂತಿತು. ಅಂಚುಗಳಿಗೆ ಪಟ್ಟಿ ಹಾಕುವುದೊಂದು ಬಾಕಿಯಿತ್ತು. ಬಾಗಿಲಿನ ಅಂಚಿಗೂ ಅದು ಬಂದು ಕೂರುವ ಗುಡಾರದ ಗೋಡೆಯಂಚಿಗೂ ಗೋಂದು ಬಳಿದು ಆರಲು ಬಿಟ್ಟು, ಕೆಳಗಿನ ಲಾಂಡ್ರಿ ರೂಮಿನಿಂದ ಬಟ್ಟೆ ತರಲು ಹೋದೆ. ಮೆಷಿನ್ ಇನ್ನೂ ತಿರುಗುತ್ತಿತ್ತು, ಕಾದು ನಿಂತೆ. ಮೇಲೆ ಬಂದರೆ ಹಾಲ್‌ನಲ್ಲಿ ಯಾರೂ ಇಲ್ಲ.

"ಅತ್ತೆ, ಎಲ್ಲಿದೀರ?"

"ಇಲ್ಲೇ ಒಳಗಿದೀನಿ. ಬಾಗಿಲು ಬರ್ತಿಲ್ಲ ಕಣೇ."

ಕೂತು ನೋಡೋಣವೆಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಿದ್ದಾರೆ. ಗೋಂದಿಗೆ ಗೋಂದು ತಾಗಿ ಉದ್ದಕ್ಕೂ ಹಿಡಿದುಬಿಟ್ಟಿದೆ.

"ಜೋರಾಗಿ ತಳ್ಳಬಾರದಿತ್ತಾ?"

"ತಳ್ಳಿದ್ರೆ ನೀನು ಮಾಡಿದ್ದೆಲ್ಲ ಕಿತ್ಹೋಗತ್ತೆ ಅಂತ ಸುಮ್ನೆ ಕೂತೆ."

ಹಾಳೆ ಕೊಯ್ಯಲು ಕಟರ್ ತೆಗೆದುಕೊಂಡೆ. ಅದರ ಕಟಕಟ ಕೇಳಿಸಿತೇನೋ, "ಕೊಯ್ಬೇಡ. ನಿಧಾನಕ್ಕೆ ಬಿಡಿಸು, ನನಗೇನೂ ಅವಸರ ಇಲ್ಲ" ಎಂದರು. ಹೇರ್ ಡ್ರೈಯರ್ ತಂದು ಅಂಚಿಗೆ ಬಿಸಿಗಾಳಿ ಹಿಡಿದೆ. ಗೋಂದು ಮೆತ್ತಗಾಗತೊಡಗಿತು. ಆ ಗದ್ದಲದಲ್ಲಿ ಅವರು ಏನೋ ಅಂದ ಹಾಗಾಯಿತು. ಆಫ್ ಮಾಡಿದೆ.

"ಏನಂದ್ರಿ?"

"ಊರಿಗೆ ಹೋಗ್ಬೇಕು ಅನ್ಸತ್ತೆ ಅಂದೆ."

ಬಿಳಿ ಹಾಳೆಯ ಆಚೆ ಅವರ ನೆರಳು ಮಸುಕಾಗಿ ಕಾಣುತ್ತಿತ್ತು.

"ಅವನ ಹತ್ರ ಹೇಳಿದ್ರೆ ನೊಂದ್ಕೋತಾನೆ. ಎಷ್ಟು ಆಸೆಯಿಂದ ಕರೆಸ್ಕೊಂಡಿದಾನೆ. ಆದ್ರೆ ಬೆಳಗಾದ್ರೆ ಯಾಕಾದ್ರೂ ಆಯ್ತೋ ಅನ್ಸತ್ತೆ ಕಣೇ. ಅಲ್ಲಿ ತರಕಾರಿಗೆ ನಾನೇ ಹೋಗ್ತಿದ್ದೆ, ಬ್ಯಾಂಕಿಗೆ ನಾನೇ ಹೋಗ್ತಿದ್ದೆ. ಇಲ್ಲಿ ರಸ್ತೆ ದಾಟಕ್ಕೂ ಯಾರಾದ್ರೂ ಬೇಕು."

"ನನಗೂ ಹಾಗೇ ಅನ್ಸತ್ತೆ ಅತ್ತೆ."

ಯಾರಿಗೂ ಹೇಳದ ಮಾತು, ಹೇಗೆ ಬಂತೋ ತಿಳಿಯದು.

"ನಿನಗೇನೇ? ಓದಿದೀಯ, ಡ್ರೈವ್ ಮಾಡ್ತೀಯ."

"ಡ್ರೈವ್ ಮಾಡ್ಕೊಂಡು ಎಲ್ಲಿಗೆ ಹೋಗ್ಲಿ?"

"ಹಾಗಾದ್ರೆ ನನ್ ಜೊತೆ ಬಾ. ನಾಲ್ಕು ದಿನ ಇದ್ದು ವಾಪಸ್ ಬಂದ್ರಾಯ್ತು."

"ಬಂದ್ರೆ ಇಲ್ಲಿಗೆ ತಿರುಗಿ ಬರಕ್ಕೆ ಅಲ್ಲಿ ಹೊಸ ವೀಸಾ ಸ್ಟ್ಯಾಂಪ್ ಆಗ್ಬೇಕು. ಅದು ಯಾವಾಗ ಸಿಗತ್ತೋ ಯಾರಿಗೂ ಗೊತ್ತಿಲ್ಲ."

ಮತ್ತೆ ಡ್ರೈಯರ್ ಹಚ್ಚಿದೆ. ಬಾಗಿಲು ಕೊನೆಗೆ ಜಿಗುಟು ಜಿಗುಟಾಗಿ, ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಕೀಲಿಗೇನೂ ಆಗಿರಲಿಲ್ಲ. ಅತ್ತೆ ಹೊರಗೆ ಬಂದು, ನನ್ನ ಕೈಗೆ ಮೆತ್ತಿಕೊಂಡಿದ್ದ ಗೋಂದನ್ನು ಉಗುರಿನಿಂದ ಕೆರೆದು ತೆಗೆಯುತ್ತ ಕೂತರು.

ಆ ಸಂಜೆ ಗಂಡ ಶೂ ಬಿಚ್ಚುತ್ತಿರುವಾಗಲೇ, ಅತ್ತೆಗೆ ಊರಿಗೆ ಹೋಗಬೇಕು ಅನ್ನಿಸುತ್ತಿದೆಯಂತೆ ಎಂದು ಹೇಳಿದೆ. ಅವನಿಗೆ ಕೋಪ ಬಂತು. "ದಿನಾ ಕೇಳ್ತೀನಿ, ಚೆನ್ನಾಗಿದೀನಿ ಅಂತಾಳಲ್ಲ." ಆಮೇಲೆ ತಾನೇ ಹೋಗಿ ಸೋಫಾದ ಮೇಲೆ ಅಮ್ಮನ ಪಕ್ಕ ಕೂತ. ಅವರು ಏನು ಮಾತಾಡಿಕೊಂಡರೋ ಕೇಳಲಿಲ್ಲ; ನಾನು ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದೆ. ಅವನು ಬಂದು, "ಟಿಕೆಟ್ ಚೇಂಜ್ ಮಾಡ್ತೀನಿ" ಎಂದ.

ಹೊರಡುವವರೆಗೂ ಅತ್ತೆ ಗುಡಾರದಲ್ಲೇ ಕೂತು ಫೋನ್ ಮಾಡಿದರು. ಒಮ್ಮೆ ಒಳಗಿನಿಂದ ನಗು ಕೇಳಿ ನನಗೆ ಅಚ್ಚರಿಯಾಯಿತು. ಅವರು ಹಾಗೆ ನಗುವುದನ್ನು ನಾನು ಕೇಳಿರಲಿಲ್ಲ.

ನ್ಯೂವಾರ್ಕ್ ಏರ್‌ಪೋರ್ಟಿನಲ್ಲಿ ಅವರಿಗೆ ವೀಲ್‌ಚೇರ್ ಬುಕ್ ಮಾಡಿದ್ದೆವು. "ನಡೀತೀನಲ್ಲ" ಎಂದು ಗೊಣಗುತ್ತಲೇ ಕೂತು, ತಿರುಗಿ ಕೈಯೆತ್ತಿ, ಸೆಕ್ಯೂರಿಟಿಯ ಸಾಲಿನಲ್ಲಿ ಮರೆಯಾದರು. ವಾಪಸ್ ಬರುವಾಗ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಎಲ್ಲಿಯೋ ಆಕ್ಸಿಡೆಂಟಾಗಿ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಗಂಡ ಸ್ಟೀರಿಂಗ್ ಮೇಲೆ ಕೈಯಿಟ್ಟು ಮುಂದೆಯೇ ನೋಡುತ್ತಿದ್ದ.

"ಅಮ್ಮ ಹೇಳಿದ್ಲು. ನಿನಗೂ ಹಾಗೇ ಆಗ್ತಿದೆಯಂತೆ."

"ಹೂಂ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

ಅವನು ಯೋಚಿಸಿದ. "ಗೊತ್ತಿಲ್ಲ" ಎಂದ. ಅದು ಸುಳ್ಳಲ್ಲದ್ದರಿಂದ ನನಗೆ ಸ್ವಲ್ಪ ಸಮಾಧಾನವಾಯಿತು. ನನ್ನ ವರ್ಕ್ ಪರ್ಮಿಟ್ ಆ ಚಳಿಗಾಲದಲ್ಲಿ ಬರಲಿಲ್ಲ, ಮುಂದಿನ ಬೇಸಿಗೆಯಲ್ಲೂ ಬರಲಿಲ್ಲ. ಅದೆಲ್ಲ ಆಮೇಲಿನ ಮಾತು; ಆಗ ಮುಂದಿದ್ದ ಟ್ರಕ್ಕು ಒಂದು ಮಾರು ಸರಿದು ಮತ್ತೆ ನಿಂತಿತು. ನಾವೂ ಅಷ್ಟೇ ಸರಿದು ನಿಂತೆವು.