ಫೆಲಿಕ್ಸ್ ಪೊರ್ಬುಗಳ ಎಡಗೈ

ಬೋಳಾರದ ತಮ್ಮ ಮನೆಯ ಅಂಗಳದಲ್ಲಿ ಕೂತು ಫೆಲಿಕ್ಸ್ ಪೊರ್ಬುಗಳು ಹೊಚ್ಚಹೊಸ ವಿಮಾನಕ್ಕೆ ಮಸಿ ಬಳಿಯುತ್ತಿದ್ದರು. ಅವರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಅದೇ. ತೆಂಗಿನ ಗೆರಟೆ ಸುಟ್ಟು ಅರೆದು, ಹಳೆಯ ಬನಿಯನ್ನಿನ ತುಂಡಿಗೆ ಆ ಮಸಿ ಹಚ್ಚಿಕೊಂಡು, ಇಂಜಿನಿನ ಹೊಗೆ ಹೊರಡುವ ಜಾಗದಿಂದ ಬಾಲದ ಕಡೆಗೆ ಒಂದೇ ಎಳೆತದಲ್ಲಿ ಎಳೆಯುತ್ತಿದ್ದರು. ಆಮೇಲೆ ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿ, "ಈಗ ಸ್ವಲ್ಪ ಬದುಕಿದ ಹಾಗೆ ಕಾಣ್ತದೆ" ಎನ್ನುತ್ತಿದ್ದರು. ಅವರ ಹೆಂಡತಿ ಸ್ಟೆಲ್ಲಾ ಬಾಯಿ ಬಾಗಿಲಲ್ಲಿ ನಿಂತು ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದರು. "ಊರವರೆಲ್ಲ ಹಳತನ್ನು ಹೊಸತು ಮಾಡ್ತಾರೆ. ಇವರು ಹೊಸತು ತಂದು ಹಳತು ಮಾಡುವುದು. ಎಂತ ಹೇಳುವುದು ಹಮೀದಣ್ಣ?"

ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತಾರೆ, ಹೆಂಗಸರನ್ನು ಬಾಯಿ. ನಾನು ಹಾಗೇ ಕರೆಯುತ್ತಿದ್ದೆ. ನಾನು ಕರಾವಳಿಯ ಮುಸಲ್ಮಾನ, ಅವರು ನನ್ನನ್ನು ಬ್ಯಾರಿ ಎನ್ನುತ್ತಿದ್ದರು. ಮನೆಯಲ್ಲಿ ಅವರದು ಕೊಂಕಣಿ, ನನ್ನದು ಬ್ಯಾರಿ ಭಾಷೆ. ನಾವಿಬ್ಬರು ಸೇರಿದರೆ ಅರ್ಧ ತುಳು, ಅರ್ಧ ಕನ್ನಡ. ಹೆಚ್ಚು ಓದಿದವರು ಇಬ್ಬರೂ ಅಲ್ಲ.

ಅವರ ವಿಮಾನಗಳು ರಿಮೋಟಿನಲ್ಲಿ ಹಾರುವಂಥವು. ಹಿಂದಿನ ಮಹಾಯುದ್ಧದ ಕಾಲದ ಯುದ್ಧವಿಮಾನಗಳ ಮಾದರಿಗಳು. ಮಕ್ಕಳ ಆಟಿಕೆ ಎಂದುಕೊಂಡು ನೋಡಲು ಬಂದವರು ಬೆಚ್ಚಿ ಬೀಳುತ್ತಿದ್ದರು. ರೆಕ್ಕೆ ಕೂಡಿಸಿದರೆ ಊಟದ ಮೇಜಿಗಿಂತ ಅಗಲ, ಮೂತಿಯಲ್ಲಿ ಪೆಟ್ರೋಲ್ ಇಂಜಿನ್, ಎತ್ತಲು ಇಬ್ಬರು ಬೇಕು.

ನಮ್ಮ ಪರಿಚಯ ಆದದ್ದೇ ರೆಕ್ಕೆಯಿಂದ. ಹಂಪನಕಟ್ಟೆಯ ಒಂದು ಓಣಿಯಲ್ಲಿ ನನ್ನದು ಕೊಡೆ ಮತ್ತು ಚೀಲದ ಅಂಗಡಿ. ಒಂದು ಮಧ್ಯಾಹ್ನ ಗಿಡ್ಡ ಮೈಯ, ಪೇಂಟ್ ಕಲೆಯ ಅಂಗಿಯ ಒಬ್ಬರು ಬಂದು, ಕೈ ಎರಡನ್ನೂ ಚಾಚಿ, ಅದೂ ಸಾಲದೆ ನನ್ನ ಬಾಗಿಲನ್ನು ತೋರಿಸಿ, "ಇಷ್ಟುದ್ದದ ಚೀಲ ಹೊಲಿದು ಕೊಡ್ತೀರಾ?" ಎಂದರು.

"ಎಂತದಕ್ಕೆ?"

"ರೆಕ್ಕೆಗೆ."

"ಯಾವ ಹಕ್ಕಿದು ಮಾರಾಯ್ರೆ?"

ಅವರು ನಗಲಿಲ್ಲ. "ಒಳಗೆ ಮೆತ್ತಗೆ ಬಟ್ಟೆ ಕೊಡಿ. ಟೆಂಪೋದಲ್ಲಿ ಹೋಗುವಾಗ ಪೆಟ್ಟಾಗಬಾರದು" ಎಂದರು. ಚೀಲ ಕೊಡಲು ಅವರ ಮನೆಗೆ ಹೋದಾಗ ನೋಡುತ್ತೇನೆ, ರೆಕ್ಕೆಯ ತುಂಬ ಗೀರು, ತುಕ್ಕು, ಮಸಿ. "ಪೊರ್ಬುಗಳೇ, ಇದಕ್ಕೆ ಇನ್ನು ಪೆಟ್ಟಾಗಲಿಕ್ಕೆ ಜಾಗ ಎಲ್ಲುಂಟು?" ಎಂದೆ. "ನಾನು ಹಾಕಿದ ಪೆಟ್ಟು ಬೇರೆ, ಟೆಂಪೋದವ ಹಾಕುವ ಪೆಟ್ಟು ಬೇರೆ" ಎಂದರು. ಆಗ ಮಾತ್ರ ನಕ್ಕರು.

ಹಿಂದೆ ಗಲ್ಫಿನಲ್ಲಿದ್ದಾಗ ಅವರದು ಕಾರುಗಳಿಗೆ ಪೇಂಟ್ ಹೊಡೆಯುವ ಕೆಲಸ. "ಅಷ್ಟು ವರ್ಷ ಅರಬಿಗಳ ಕಾರಿನ ಗೀರು ಅಳಿಸಿದ್ದೇ ಅಳಿಸಿದ್ದು ಬ್ಯಾರಿ. ಈಗ ನನಗೆ ಬೇಕಾದಲ್ಲಿ ಗೀರು ಹಾಕ್ತೇನೆ" ಎನ್ನುತ್ತಿದ್ದರು. ಪೆಟ್ಟಿಗೆಯಲ್ಲಿ ಬಂದ ವಿಮಾನವನ್ನು ಬಂದ ಹಾಗೇ ಹಾರಿಸುವುದು ಅವರಿಗೆ ನಾಚಿಕೆಯ ವಿಷಯ. ನರ್ಸ್ ಆಗಿದ್ದ ಸ್ಟೆಲ್ಲಾ ಬಾಯಿಯಿಂದ ಸಿರಿಂಜ್ ಇಸಕೊಂಡು, ಅದರಲ್ಲಿ ಅಂಟು ತುಂಬಿ, ಮೈಯುದ್ದಕ್ಕೂ ಹನಿ ಹನಿ ಇಟ್ಟು ತಗಡು ಜೋಡಿಸುವ ಮೊಳೆತಲೆಗಳ ಹಾಗೆ ರಿವೆಟ್ ಮೂಡಿಸುತ್ತಿದ್ದರು. "ಇವತ್ತು ರೋಗಿಗೆ ಇಂಜೆಕ್ಷನ್ ಆಯ್ತಾ?" ಎಂದು ಬಾಯಿ ಅಡುಗೆಮನೆಯಿಂದ ಕೇಳುವರು.

ಸವೆದ ಬಣ್ಣ ಎಡ ರೆಕ್ಕೆಯ ಬುಡದಲ್ಲಿ ಮಾತ್ರ ಇರುತ್ತಿತ್ತು. ಬಲಗಡೆ ಯಾಕಿಲ್ಲ ಎಂದು ಕೇಳಿದೆ. "ಪೈಲಟ್ ಎಡಗಡೆಯಿಂದ ಹತ್ತುವುದು, ಎಡಗಡೆಯಿಂದ ಇಳಿಯುವುದು. ಬೂಟು ಅಲ್ಲೇ ಉಜ್ಜುತ್ತದೆ. ಬಲಗಡೆ ಯಾರ ಅಜ್ಜ ಹತ್ತುತ್ತಾನೆ?" ಎಂದರು.

ಇಷ್ಟು ಯುದ್ಧವಿಮಾನ ಕಟ್ಟಿದ ಮನುಷ್ಯನಿಗೆ ಯುದ್ಧದ ಮಾತು ಆಗುತ್ತಿರಲಿಲ್ಲ. ಇದು ಎಷ್ಟು ಜನರನ್ನು ಕೊಂದಿದೆ ಎಂದು ಯಾರಾದರೂ ಕೇಳಿದರೆ ಮುಖ ಸಣ್ಣದು ಮಾಡಿಕೊಳ್ಳುವರು. "ಅದೆಲ್ಲ ನನಗೆ ಗೊತ್ತಿಲ್ಲ. ಇದು ಮನೆಗೆ ವಾಪಸ್ ಬಂದ ವಿಮಾನ. ಮಸಿ ನೋಡು, ಗೊತ್ತಾಗುದಿಲ್ವಾ?" ಬೇರೆಯವರು ಆಕಾಶದಲ್ಲಿ ಪಲ್ಟಿ ಹೊಡೆಸುವಾಗ ಇವರು ಸುಮ್ಮನೆ ಎರಡು ಸುತ್ತು ತಂದು, ನಿಧಾನ ಇಳಿಸಿ, ಚಕ್ರ ನೆಲ ಮುಟ್ಟಿದ ಮೇಲೆ ಒಮ್ಮೆ ಉಸಿರು ಬಿಡುತ್ತಿದ್ದರು.

ಮಳೆಗಾಲ ನನ್ನ ಸೀಸನ್, ಬೇಸಿಗೆ ಅವರದು. ಜೂನಿನಿಂದ ನಾನು ಕೊಡೆಯ ಕಡ್ಡಿಗಳ ನಡುವೆ, ಅವರು ಗೆರಟೆ ಮಸಿಯ ನಡುವೆ. ಮಳೆ ನಿಂತು ಹುಲ್ಲು ಒಣಗಿದ ಮೇಲೆ ಆದಿತ್ಯವಾರ ಅವರು ಇಗರ್ಜಿಯಿಂದ ಬಂದ ಕೂಡಲೇ ಹೊರಡುತ್ತಿದ್ದೆವು, ಊರ ಹೊರಗೆ ಹಾರಿಸಲು ಅನುಮತಿ ಸಿಕ್ಕಿದ್ದ ಒಂದು ಪದವಿಗೆ. ಪದವು ಎಂದರೆ ಕೆಂಪು ಮುರಕಲ್ಲಿನ ಬಯಲು, ಅಂಚಿನಲ್ಲಿ ಗೇರು ಮರಗಳು. ಅಲ್ಲಿಗೆ ಕದ್ರಿಯ ಒಬ್ಬ ಹಲ್ಲಿನ ಡಾಕ್ಟರೂ ಬರುತ್ತಿದ್ದರು. ಅವರ ವಿಮಾನದಲ್ಲಿ ಮುಖ ನೋಡಿ ಬೈತಲೆ ತೆಗೆಯಬಹುದಿತ್ತು. "ಡಾಕ್ಟರಿಗೆ ಎಲ್ಲ ಹೊಳೀಬೇಕು. ಅಭ್ಯಾಸ ಅಲ್ವಾ" ಎಂದು ಪೊರ್ಬುಗಳು ನನ್ನ ಕಿವಿಯಲ್ಲಿ ಹೇಳಿದ್ದು ಡಾಕ್ಟರಿಗೆ ಕೇಳಿ, ಅವರೂ ನಕ್ಕಿದ್ದರು.

ನನಗೂ ಹಾರಿಸಲು ಕಲಿಸುವ ಹಟ ಅವರಿಗೆ ಬಂದಿತ್ತು. ರಿಮೋಟಿನಲ್ಲಿ ಎರಡು ಕಡ್ಡಿ. ಎಡಗಡೆಯದು ವೇಗಕ್ಕೆ ಮತ್ತು ಬಾಲ ತಿರುಗಿಸಲಿಕ್ಕೆ, ಬಲಗಡೆಯದು ಮೂತಿ ಎತ್ತಿ ಇಳಿಸಲಿಕ್ಕೆ ಮತ್ತು ರೆಕ್ಕೆ ಓರೆ ಮಾಡಲಿಕ್ಕೆ. ಕಷ್ಟ ಇರುವುದು ಬಲಗಡೆಯದರಲ್ಲಿ. ವಿಮಾನ ನಮ್ಮ ಎದುರಿಗೆ ಬರುವಾಗ ಎಡ ಬಲ ಅದಲು ಬದಲಾಗುತ್ತದೆ, ಬುದ್ಧಿ ಓಡುವುದಿಲ್ಲ. ಅದಕ್ಕೆ ಅವರದೊಂದು ಉಪಾಯ: "ಎಡ ಬಲ ಯೋಚಿಸ್ಬೇಡ ಬ್ಯಾರಿ. ಯಾವ ರೆಕ್ಕೆ ತಗ್ಗಿದ ಹಾಗೆ ಕಾಣ್ತದೋ, ಕಡ್ಡಿ ಆ ಕಡೆಗೆ ಕೊಡು. ಬೀಳುವವನಿಗೆ ಊರುಗೋಲು ಕೊಟ್ಟ ಹಾಗೆ." ನಾನು ಯೋಚಿಸಿದೆ. ಅವರ ಥರ್ಮಕೋಲಿನ ಸಣ್ಣ ವಿಮಾನ ಗೇರು ಮರದಲ್ಲಿ ಸಿಕ್ಕಿಕೊಂಡಿತು. ಬಲಗಡೆಯ ಕಡ್ಡಿಗೆ ನಾನು ಮತ್ತೆ ಕೈ ಹಾಕಲಿಲ್ಲ.

ಕೊನೆಯದಾಗಿ ಅವರು ಹಿಡಿದದ್ದು ಹರಿಕೇನ್ ಎಂಬ ವಿಮಾನ. ನಿಜವಾದದ್ದರ ಹಿಂಭಾಗಕ್ಕೆ ತಗಡಿಲ್ಲ, ಪಟ್ಟಿಗಳ ಮೇಲೆ ಬಟ್ಟೆ ಎಳೆದು ಕಟ್ಟಿದ್ದಂತೆ. ಪೆಟ್ಟಿಗೆಯಲ್ಲಿ ಬಂದದ್ದರಲ್ಲಿ ಅಲ್ಲಿ ಪ್ಲಾಸ್ಟಿಕ್ ಹಾಳೆ ಇತ್ತು. ಅದನ್ನು ಕಿತ್ತು ಹಾಕಿ ನನಗೆ ಹೇಳಿ ಕಳುಹಿಸಿದರು. "ಕೊಡೆಗೆ ಎಳೆದು ಕಟ್ಟುವ ಹಾಗೆ ಇದಕ್ಕೂ ಕಟ್ಟು." ನನ್ನ ಕೆಲಸ ಇನ್ನೂ ಅರ್ಧದಲ್ಲಿದ್ದಾಗ, ಒಂದು ಬೆಳಿಗ್ಗೆ ಪೊರ್ಬುಗಳು ಬಚ್ಚಲಿನಲ್ಲಿ ಬಿದ್ದರು. ಮೆದುಳಿಗೆ ರಕ್ತ ಹೋಗುವಲ್ಲಿ ತಡೆಯಾಗಿತ್ತು. ಜೀವ ಉಳಿಯಿತು, ಮಾತು ಉಳಿಯಿತು. ಎಡಗೈ ಉಳಿಯಲಿಲ್ಲ, ಎಡಗಾಲು ಅರ್ಧ ಮಾತ್ರ ಬಂತು.

ಆಸ್ಪತ್ರೆಯಿಂದ ಬಂದ ಮೇಲೆ ಅವರು ವಿಮಾನಗಳಿದ್ದ ಕೋಣೆಯ ಬಾಗಿಲು ಹಾಕಿಸಿದರು. ಅಂಗಳದಲ್ಲಿ ಕೂತು ನೇತ್ರಾವತಿ ಕಡೆಯ ಗಾಳಿಗೆ ತೆಂಗಿನ ಗರಿ ಆಡುವುದನ್ನು ನೋಡುವರು. ಸ್ಟೆಲ್ಲಾ ಬಾಯಿ ಒಮ್ಮೆ ಗೇಟಿನವರೆಗೆ ನನ್ನ ಜೊತೆ ಬಂದು ಹೇಳಿದರು: "ಮದ್ದು ನಾನು ತಿನ್ನಿಸ್ತೇನೆ, ನಡೆಸ್ತೇನೆ, ಎಲ್ಲ ಮಾಡ್ತೇನೆ. ಆದರೆ ಇವರಿಗೆ ಎದ್ದು ನಿಲ್ಲಲಿಕ್ಕೆ ಒಂದು ಕಾರಣ ಬೇಕಲ್ಲ ಹಮೀದಣ್ಣ."

ನಾನು ದಿನಾ ಅಂಗಡಿ ಮುಚ್ಚಿ ಹೋಗಿ ಆ ಕೋಣೆಯಲ್ಲಿ ಬಟ್ಟೆ ಎಳೆಯಲು ಕೂತೆ. ಬಾಗಿಲು ತೆರೆದೇ ಇಟ್ಟೆ. ಮೊದಲು ಅಂಗಳದಿಂದ ಬೈಗುಳ ಬಂತು. "ಸಡಿಲ ಬಿಟ್ಟಿದ್ದಿ, ಇಲ್ಲಿಂದಲೇ ಕಾಣ್ತದೆ." ಆಮೇಲೆ ಕೋಲು ಊರುವ ಸದ್ದು. ಬಾಗಿಲಲ್ಲಿ ಅವರು, ಎಡಭುಜ ಇಳಿಬಿದ್ದು. ಎದುರಿನಿಂದ ಬರುವವರ ಎಡ ನನಗೆ ಬಲ. ಆ ದಿನ ನಾನು ಯೋಚಿಸಲಿಲ್ಲ. ತಗ್ಗಿದ ಕಡೆಗೆ ಹೋಗಿ ಹೆಗಲು ಕೊಟ್ಟೆ.

ಬಲಗೈಯಲ್ಲೇ ಅವರು ಮಸಿ ಬಳಿದರು. ಸಿರಿಂಜ್ ಹಿಡಿದದ್ದು ಸ್ಟೆಲ್ಲಾ ಬಾಯಿ. ವಿಮಾನ ಮುಗಿದ ದಿನ ಅವರು ಹೇಳಿದ್ದು, "ಡಾಕ್ಟರಿಗೆ ಕೊಡು, ಹಾರಿಸಲಿ."

"ಬಲಗೈ ಉಂಟಲ್ಲ ನಿಮಗೆ. ಎಡಗಡೆಯ ಕಡ್ಡಿ ನಾನು ಹಿಡೀತೇನೆ" ಎಂದೆ.

"ಗೇರು ಮರ ನೆನಪುಂಟಾ ನಿನಗೆ?"

"ಅದು ಬಲಗೈ ಮಾಡಿದ್ದು."

ರಿಮೋಟನ್ನು ಪಟ್ಟಿ ಹಾಕಿ ಅವರ ಕುತ್ತಿಗೆಗೆ ತೂಗಿಸಿದೆವು. ನಾನು ಅವರ ಎಡಗಡೆ, ಸ್ವಲ್ಪ ಹಿಂದೆ. ನನ್ನ ಬಲಗೈ ಅವರ ಬೆನ್ನ ಸುತ್ತ, ಬೀಳದ ಹಾಗೆ. ಎಡಗೈ ಮುಂದೆ ಬಂದು ಕಡ್ಡಿಯ ಮೇಲೆ. ಅಂಗಳದಲ್ಲಿ ಇಂಜಿನ್ ಹಾಕದೆ ಅಭ್ಯಾಸ ಶುರುವಾಯಿತು. ಸ್ಟೆಲ್ಲಾ ಬಾಯಿ ಕೋಲಿನ ತುದಿಗೆ ಕರವಸ್ತ್ರ ಕಟ್ಟಿ ವಿಮಾನದ ಹಾಗೆ ಸುತ್ತಿಸುವರು, ನಾವು ಅದನ್ನು ನೋಡುತ್ತಾ ತಿರುಗಬೇಕು. ಮೊದಲ ಸಲ ಕರವಸ್ತ್ರ ತಲೆಯ ಮೇಲೆ ಹೋದಾಗ ನಾನು ಬಲಕ್ಕೆ ತಿರುಗಿದೆ, ಅವರು ಎಡಕ್ಕೆ ತಿರುಗಿದರು. ಪಟ್ಟಿ ಕುತ್ತಿಗೆಗೆ ಬಿಗಿದು ಇಬ್ಬರೂ ಮಲ್ಲಿಗೆ ಬಳ್ಳಿಯ ಮೇಲೆ ಬಿದ್ದೆವು. ವಿಮಾನ ಹಾರಿಸುವ ಯಾರೂ ಈ ತಪ್ಪು ಮಾಡಿರಲಿಕ್ಕಿಲ್ಲ.

"ನೀನು ಮದುವೆಯಲ್ಲಿ ಡ್ಯಾನ್ಸ್ ಮಾಡಿದ್ದುಂಟಾ?" ಎಂದರು ಬಿದ್ದಲ್ಲಿಂದಲೇ.

"ನಮ್ಮಲ್ಲಿ ಎಲ್ಲಿಯ ಡ್ಯಾನ್ಸ್ ಪೊರ್ಬುಗಳೇ? ನಮ್ಮಲ್ಲಿ ಬಿರಿಯಾನಿ."

"ಅದೇ ಸಮಸ್ಯೆ. ಕಾಲು ನೋಡ್ಬೇಡ. ನನ್ನ ಸೊಂಟ ಎಲ್ಲಿಗೆ ಹೋಗ್ತದೋ ನೀನೂ ಅಲ್ಲಿಗೆ."

ಬಾಯಿ ನಗುತ್ತಾ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು.

ಪದವಿನಲ್ಲಿ ಹರಿಕೇನ್ ಮೊದಲು ಎದ್ದ ದಿನ ನಾನು ವಿಮಾನವನ್ನು ಸರಿಯಾಗಿ ನೋಡಿಯೇ ಇಲ್ಲ. ಅವರ ಬೆನ್ನು ನನ್ನ ಕೈಯಲ್ಲಿತ್ತು, ಅದರಿಂದಲೇ ಎಲ್ಲ ತಿಳಿಯುತ್ತಿತ್ತು. "ಕೊಡು, ಕೊಡು... ಇನ್ನೂ ಕೊಡು... ಆಯ್ತು. ಬ್ಯಾರಿ, ಎದ್ದಿತು." ಎರಡು ಸುತ್ತು. ಇಳಿಯುವಾಗ, "ವೇಗ ತೆಗಿ. ನಿಧಾನ. ನಿಧಾನ ಮಾರಾಯ, ಮದುಮಗಳನ್ನು ಇಳಿಸುವ ಹಾಗೆ." ಚಕ್ರ ಮುಟ್ಟಿತು. ನನ್ನ ಕೈಯೊಳಗೆ ಅವರ ಬೆನ್ನು ಒಮ್ಮೆ ದೊಡ್ಡದಾಗಿ ಉಬ್ಬಿ ಇಳಿಯಿತು. ಹಲ್ಲಿನ ಡಾಕ್ಟರು ಚಪ್ಪಾಳೆ ತಟ್ಟಲು ಹೋಗಿ ಕೈ ಇಳಿಸಿ ಕನ್ನಡಕ ತೆಗೆದು ಒರೆಸಿಕೊಂಡರು.

ಇಂಜಿನ್ ವಿಮಾನದ ಹೊಟ್ಟೆಯ ಎರಡೂ ಕಡೆ ಎಣ್ಣೆ ಮಸಿ ಉಗುಳಿತ್ತು, ಅವರು ಬಳಿದ ಮಸಿಯ ಮೇಲೆಯೇ. ನಾನು ಬಟ್ಟೆ ತೆಗೆದುಕೊಂಡೆ. "ಬಿಡು. ನಾನು ಹಚ್ಚುವುದು ಮೊದಲ ದಿನಕ್ಕೆ ಮಾತ್ರ. ಇನ್ನು ಅದೇ ಹಚ್ಚಿಕೊಳ್ಳಲಿ" ಎಂದರು.

ಆ ಬೇಸಿಗೆ ಪೂರ್ತಿ ನಾವು ಹಾಗೆ ಹಾರಿಸಿದೆವು. ನಾವು ತಿರುಗುವಾಗ ನೋಡುವವರಿಗೆ ನಗು ಬರುತ್ತಿತ್ತು, ನಮಗೂ.

ಮಳೆ ಹಿಡಿದ ಮೇಲೆ ನನಗೆ ಕೊಡೆ ಸೀಸನ್. ಅಂಗಡಿಯಲ್ಲಿ ಜನ ತುಂಬಿದ್ದಾಗ ಸ್ಟೆಲ್ಲಾ ಬಾಯಿಯ ಫೋನ್ ಬಂತು. "ಹಮೀದಣ್ಣ, ಇವರು..." ಎಂದು ಅಷ್ಟಕ್ಕೇ ನಿಂತರು. ಕೈಯಲ್ಲಿದ್ದ ಯಾರದೋ ಕೊಡೆಯನ್ನು ಹಿಡಿದುಕೊಂಡೇ ಬೋಳಾರಕ್ಕೆ ಹೋಗಿದ್ದೆ. ಬಿಡಿಸಲು ನೆನಪಾಗದೆ ನೆನೆದುಕೊಂಡೇ ಹೋದೆ ಎಂದು ಆಮೇಲೆ ಬೇರೆಯವರು ಹೇಳಿದರು.

ಪೊರ್ಬುಗಳಿಲ್ಲದ ಆ ಮಳೆಗಾಲ ಕಳೆದ ಮೇಲೆ ಬಾಯಿ ಕೇಳಿದರು, "ಆ ವಿಮಾನದ ಸದ್ದು ಒಮ್ಮೆ ಕೇಳ್ಬೇಕಿತ್ತು. ನಾನು ಒಂದು ಸಲವೂ ಪದವಿಗೆ ಬಂದವಳಲ್ಲ." ಕಳೆದ ಆದಿತ್ಯವಾರ ಕರೆದುಕೊಂಡು ಹೋದೆ. ಡಾಕ್ಟರು ಹತ್ತಿರ ಬಂದು ತಗ್ಗಿದ ಸ್ವರದಲ್ಲಿ, "ಬಲಗಡೆಯದು ನಾನು ಹಿಡೀತೇನೆ ಹಮೀದಣ್ಣ, ಹಾರಿಸುವ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಆದರೆ ಡಾಕ್ಟರ ಸೊಂಟ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಹೇಗೆ ತಿಳಿಯಬೇಕು? "ಇವತ್ತು ಬೇಡ ಡಾಕ್ಟ್ರೇ" ಎಂದೆ.

ಪಟ್ಟಿ ನನ್ನ ಕುತ್ತಿಗೆಗೆ ಹಾಕಿಕೊಂಡೆ. ಇಂಜಿನ್ ಹಿಡಿಯಿತು. ಎಡಗೈಗೆ ಎಲ್ಲ ಗೊತ್ತಿತ್ತು. ಎಷ್ಟು ಕೊಟ್ಟರೆ ಹೊರಡುತ್ತದೆ, ಎಷ್ಟರ ಮೇಲೆ ಕೊಡಬಾರದು, ಬಾಲ ಎಲ್ಲಿ ತಿರುಗಿಸಬೇಕು. ಬಲಗೈಗೆ ಅಭ್ಯಾಸವಾದ ಕೆಲಸ ಬೇರೆ. ಅದಕ್ಕೆ ಹಿಡಿಯಲು ಬೆನ್ನಿರಲಿಲ್ಲ. ಹರಿಕೇನ್ ನೆಲದ ಮೇಲೆಯೇ ಪದವಿನ ಆ ತುದಿಗೆ ಹೋಯಿತು. ತಿರುಗಿ ನಮ್ಮ ಎದುರಿಗೆ ಬಂದು, ಬಾಯಿ ನಿಂತಲ್ಲಿಗೆ ಸ್ವಲ್ಪ ಮೊದಲು ನಿಂತಿತು. ಇಂಜಿನ್ ಆರಿಸಿದೆ.

"ಹಾರುದಿಲ್ವಾ?" ಎಂದರು ಬಾಯಿ.

"ನನಗೆ ಬರುವುದು ಇಷ್ಟೇ ಬಾಯಿ."

ಅವರು ತಲೆಯಾಡಿಸಿದರು. ಟೆಂಪೋಕ್ಕೆ ಎತ್ತಲು ಇಬ್ಬರು ಬೇಕಲ್ಲ. ಡಾಕ್ಟರು ಮುಂದೆ ಬರುವ ಮೊದಲೇ ಬಾಯಿ ಚಪ್ಪಲಿ ಕಳಚಿಟ್ಟು ಬಂದು ಬಲಗಡೆ ಹಿಡಿದರು. ಎಡಗಡೆ ನಾನು. ಟೆಂಪೋದೊಳಗೆ ಇಳಿಸಿದ ಮೇಲೆ ಬಾಯಿ ತಮ್ಮ ಅಂಗೈ ನೋಡಿಕೊಂಡರು, ಕಪ್ಪಾಗಿತ್ತು.

"ಇದು ಅವರು ಬಳಿದದ್ದಾ?"

"ಅಲ್ಲ ಬಾಯಿ. ಇದು ಇವತ್ತಿನದ್ದು."

ನಾನು ಬಟ್ಟೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ಬೋಳಾರದವರೆಗೂ ಆ ಕೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡೇ ಕೂತಿದ್ದರು.