ಮೋಡದ ವಯಸ್ಸು

ಹೊರಗೆ ಮಳೆ ಹುಯ್ಯುತ್ತಿದ್ದರೂ ಸಂಜೀವಣ್ಣ ಕಿಟಕಿಯಿಂದ ಕೈ ಚಾಚಿ, ಅಂಗೈ ಒದ್ದೆಯಾದ ಮೇಲೆಯೇ “ಹೌದು, ಮಳೆ” ಎನ್ನುತ್ತಿದ್ದರು. ಮೀನಿನ ಕಿವಿರು ಎತ್ತಿ ನೋಡದೆ ಕೊಂಡವರಲ್ಲ. ಯಾರು ಏನೇ ಹೇಳಿದರೂ ಅವರದು ಒಂದೇ ಪ್ರಶ್ನೆ: “ನೀವು ನೋಡಿದ್ದು ಯಾವಾಗ?”

ಗಲ್ಫಿನ ವಿಮಾನ ನಿಲ್ದಾಣದಲ್ಲಿ ರೇಡಾರ್ ರಿಪೇರಿ ಮಾಡಿ ನಿವೃತ್ತರಾಗಿ ಕಡಲ ದಡದ ಕಾಪುವಿಗೆ ಬಂದ ನೆರೆಮನೆಯವರು. ನಾನು ಮಣಿಪಾಲದಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಅವರ ತಾರಸಿಯ ಆಂಟೆನಾ ವಿಮಾನಗಳ ಸಂಕೇತ ಹಿಡಿಯುತ್ತಿತ್ತು. ಆ ವಿಮಾನಗಳನ್ನು ಹವಾಮಾನ ರೇಡಾರಿನ ಚಿತ್ರದ ಮೇಲೆ ಕೂರಿಸಿ, ಒಂದೇ ಪರದೆಯಲ್ಲಿ ಕಾಣುವಂತೆ ಮಾಡಿಕೊಟ್ಟೆ. ಭೇಷ್ ಎನ್ನುತ್ತಾರೆಂದು ಕಾದೆ.

“ಮಾಷ್ಟ್ರೆ, ವಿಮಾನ ಈಗಿನದ್ದು. ಮೋಡ ಆಗಿನದ್ದು, ರೇಡಾರಿನ ಚಿತ್ರ ನಮಗೆ ಸಿಗುವಾಗ ತಡ ಆಗಿರ್ತದೆ. ಬೆಳಗ್ಗಿನ ಗಂಜಿಗೆ ರಾತ್ರಿಯ ಸಾರು ಹಾಕಿ ಬಿಸಿ ಉಂಟು ಅಂದ್ರೆ ನಂಬುವುದಾ? ಮೋಡಕ್ಕೆ ಎಷ್ಟು ವಯಸ್ಸಾಯಿತು ಅಂತ ಕೆಳಗೆ ಬರೆಯಿರಿ.”

ಚಿತ್ರದ ಅಂದ ಕೆಡುತ್ತದೆಂದು ನಾನು ಬರೆಯಲಿಲ್ಲ. ಮುದುಕನ ಸಂಶಯಕ್ಕೆ ಮದ್ದಿಲ್ಲ ಎಂದುಕೊಂಡೆ.

ಮಳೆ ಬಿಡದ ಆಟಿ ತಿಂಗಳ ಒಂದು ಮಧ್ಯಾಹ್ನ ಅವರ ಒಬ್ಬಳೇ ಮಗಳು ವನಿತಾ ದುಬೈಯಿಂದ ಮಂಗಳೂರಿಗೆ ಬರುತ್ತಿದ್ದಳು. ಪರದೆಯಲ್ಲಿ ಕೆಂಪು ಮೋಡ ಇನ್ನೂ ಕಡಲ ಮೇಲಿತ್ತು. ಅವಳ ವಿಮಾನ ಮೋಡಕ್ಕೂ ದಡಕ್ಕೂ ನಡುವೆ, ಖಾಲಿ ಜಾಗದಲ್ಲಿ ಆರಾಮಾಗಿ ಬರುತ್ತಿತ್ತು. “ತಪ್ಪಿಸಿಕೊಂಡು ಬಂತು, ನೋಡಿ” ಎಂದೆ.

ಸಂಜೀವಣ್ಣ ಎದ್ದು ಕಿಟಕಿಯಿಂದ ಕೈ ಚಾಚಿದರು. ಒದ್ದೆ ಅಂಗೈಯನ್ನು ನನ್ನ ಮುಖಕ್ಕೆ ಹಿಡಿದರು. “ಕಾಪುವಿಗೆ ಬಂದ ಮಳೆ ನಿಮ್ಮ ಪರದೆಯಲ್ಲಿ ಇನ್ನೂ ಸಮುದ್ರದಲ್ಲೇ ಉಂಟು. ಹಾಗಾದ್ರೆ ನನ್ನ ಮಗಳು ಮೋಡದ ಹೊರಗೆ ಇಲ್ಲ ಮಾರಾಯ್ರೆ. ಒಳಗೆ ಇದ್ದಾಳೆ.”

ವಿಮಾನ ಸುತ್ತು ಹೊಡೆಯಿತು, ಮತ್ತೆ ಸುತ್ತಿತು, ಆಮೇಲೆ ಪೂರ್ವಕ್ಕೆ ತಿರುಗಿ ಪರದೆಯಿಂದಲೇ ಮಾಯವಾಯಿತು. ಬಹಳ ಹೊತ್ತಿಗೆ ಫೋನು ಬಂತು.

“ಅಪ್ಪ, ಬೆಂಗಳೂರಲ್ಲಿ ಇಳಿದೆವು.”

“ನೀನೇ ಹೌದಾ? ನಮ್ಮ ನಾಯಿಗೆ ಯಾವ ಕಿವಿ ಹರಿದದ್ದು?”

“ಎಡದ್ದು. ನನ್ನ ದನಿಯೂ ಗೊತ್ತಾಗುವುದಿಲ್ವಾ ನಿಮಗೆ?”

ಫೋನಿಟ್ಟು ಅವರು ನೆಲದ ಮೇಲೆಯೇ ಕೂತುಬಿಟ್ಟರು. ಅಂದು ಸಂಜೆಯೇ ನಾನು ಮೋಡದ ಕೆಳಗೆ ಅದರ ವಯಸ್ಸು ಬರೆದೆ.

ಕಳೆದ ವರ್ಷ ಅವರು ಉಡುಪಿಯ ಆಸ್ಪತ್ರೆಯಲ್ಲಿ ಮಲಗಿದ್ದರು. ಕಣ್ಣು ಮಂಜಾಗಿತ್ತು. ವನಿತಾ ದುಬೈಯಿಂದ ಹೊರಟಿದ್ದಳು. ಮೊಬೈಲು ನೋಡುತ್ತ, “ದಾರಿಯಲ್ಲಿ ಮೋಡವಿಲ್ಲ, ಸಂಜೀವಣ್ಣ” ಎಂದೆ.

“ಎಷ್ಟು ಹಳೆಯ ಚಿತ್ರ?”

ಹೇಳಿದೆ. “ಅವಳು ಬರಲಿ. ಮತ್ತೆ ನಂಬುವ” ಎಂದು ಕಣ್ಣು ಮುಚ್ಚಿದರು. ಆ ಸಂಶಯದ ಪ್ರಾಣಿಯ ಮೇಲೆ ನನಗೆಷ್ಟು ಪ್ರೀತಿಯಿತ್ತೆಂದು ಆಗ ತಿಳಿಯಿತು.

ಕತ್ತಲಾಗುವ ಮುಂಚೆ ಅವಳು ಬಂದು “ಅಪ್ಪ” ಎಂದಳು. ಅವರು ಕೈ ಚಾಚಿ ಅವಳ ಕೆನ್ನೆ ಮುಟ್ಟಿದರು. ಅಂಗೈ ಒದ್ದೆಯಾಯಿತು.

“ಹೌದು, ವನಿತಾ” ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.