ಗೇಟಿನಲ್ಲಿ ವಾದಿರಾಜರು
ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನ ವಾದಿರಾಜರು ಹೊಸದೊಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದಾರೆ. ಸದ್ಯಕ್ಕೆ ಅದನ್ನು ಬಳಸುವವನು ನಾನೊಬ್ಬನೇ, ಅದೂ ತಪ್ಪುತಪ್ಪಾಗಿ. ಅವರಿಗೆ ಎಲ್ಲದರ ಮೇಲೂ ಅನುಮಾನ. ಕ್ಯಾಂಟೀನಿನ ಟೀಯನ್ನೂ “ಇದು ಟೀ ಅಂತ ಯಾರ್ ಹೇಳಿದ್ದು?” ಎಂದು ಮೂಸಿಯೇ ಕುಡಿಯುತ್ತಾರೆ, ನನ್ನ ಕೋಡನ್ನಂತೂ ಕಳ್ಳಮಾಲಿನಂತೆ ತಿರುಗಿಸಿ ನೋಡುತ್ತಾರೆ. ಇಂಥವರ ಭಾಷೆಯಲ್ಲಿ ಸಂಖ್ಯೆ, ಪದ ಎಂಬಂಥ ಮಾಹಿತಿಯ ಬಗೆಗಳ ಜೊತೆಗೆ ಯಾರು ಬೇಕಾದರೂ ಹೊಸ ಬಗೆಗಳನ್ನು ತಾವೇ ಸೇರಿಸಬಹುದಂತೆ. “ಅಷ್ಟೊಂದು ನಂಬಿಕೆನಾ ಸಾರ್?” ಎಂದರೆ, “ನಾನ್ ಯೋಚಿಸ್ದೇ ಇರೋರೂ ಬರ್ತಾರೆ ಕಣ್ರೀ” ಎನ್ನುತ್ತಾರೆ. ಅವರನ್ನು ಆಫೀಸಿನ ಗೇಟಿನಲ್ಲಿ ನೋಡುವವರೆಗೆ ನನಗೆ ಆ ಮಾತಿನ ಮೇಲೇ ಅನುಮಾನವಿತ್ತು. ಅಲ್ಲಿ ಕಾರ್ಡ್ ನೋಡಿ ಒಳಬಿಡುವ ಯಂತ್ರಕ್ಕೆ ಗೊತ್ತಿರುವುದು ನೌಕರ, ಅತಿಥಿ ಎಂಬ ಎರಡೇ ಬಗೆ. ಗುತ್ತಿಗೆಯ ಮೇಲಿರುವ ವಾದಿರಾಜರು ಎರಡೂ ಅಲ್ಲವಾದ್ದರಿಂದ, ದಿನಾ ಬೆಳಿಗ್ಗೆ ಯಾರಾದರೂ ಗುರುತು ಹೇಳುವ ತನಕ ಪಕ್ಕಕ್ಕೆ ನಿಂತಿರುತ್ತಾರೆ. “ನಮ್ಮೋರೇ ಅಣ್ಣ, ಬಿಡಿ” ಎಂದು ನಾನು ಗಾರ್ಡಿಗೆ ಹೇಳಿದಾಗ, ಹಾಗಂತ ಯಾರು ಹೇಳಿದ್ದು ಎಂದು ವಾದಿರಾಜರು ಕೇಳಲಿಲ್ಲ.